ಹಡಗಿನ ಭದ್ರತೆಯ ಸಂಹಿತೆಯಲ್ಲಿ ನಾವಿಕನಿಗಿರುವ ಜಾಗ

ಬೆಳಗಾವಿಯ ಉದ್ಯಮಬಾಗದಲ್ಲಿ ತಯಾರಾಗುವ ಎರಕದ ಬಿಡಿಭಾಗಗಳ ರಫ್ತಿನ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಕಂಟೇನರು ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನ ಗೇಟು ದಾಟಿದ ಮೇಲೆ ಯಾವ ಕಟ್ಟುಪಾಡಿಗೆ ಒಳಪಡುತ್ತದೆ ಎಂದು ತಿಳಿಯಲು, ಹಡಗು ಮತ್ತು ಬಂದರುಗಳ ಭದ್ರತೆಯ ಅಂತರರಾಷ್ಟ್ರೀಯ ನಿಯಮಾವಳಿಯಾದ ಐಎಸ್‌ಪಿಎಸ್ ಸಂಹಿತೆಯನ್ನು ಓದತೊಡಗಿದೆ. ನಮ್ಮ ಚಿಕ್ಕಪ್ಪನ ಮಗ ಸರಕು ಹಡಗಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅದು ಮನೆಯ ವಿಷಯವೂ ಆಯಿತು.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ, ಹಡಗನ್ನೂ ಆಯುಧವಾಗಿ ಬಳಸಬಹುದೆಂಬ ಆತಂಕ ಬಲವಾಯಿತು. 2002ರ ಅಕ್ಟೋಬರ್‌ನಲ್ಲಿ ಯೆಮೆನ್ ಕರಾವಳಿಯ ಬಳಿ ಲಿಂಬರ್ಗ್ ಎಂಬ ತೈಲ ಹಡಗಿಗೆ ಸ್ಫೋಟಕ ತುಂಬಿದ ದೋಣಿ ಬಂದು ಅಪ್ಪಳಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಅಂಗೀಕಾರವಾದ ಈ ಸಂಹಿತೆ 2004ರ ಜುಲೈ 1ರಿಂದ ಜಾರಿಯಲ್ಲಿದೆ. ಅಂತರರಾಷ್ಟ್ರೀಯ ಯಾನದ ಪ್ರಯಾಣಿಕ ಹಡಗುಗಳು, 500 ಒಟ್ಟು ಟನ್ (ತೂಕವಲ್ಲ, ಹಡಗಿನ ಒಳಗಾತ್ರದ ಅಳತೆ) ಮತ್ತು ಅದಕ್ಕೂ ಮೇಲ್ಪಟ್ಟ ಸರಕು ಹಡಗುಗಳು, ಅವು ತಂಗುವ ಬಂದರು ನೆಲೆಗಳು ಇದರ ವ್ಯಾಪ್ತಿಗೆ ಬರುತ್ತವೆ.

ಹೊಣೆಯನ್ನು ನಿರ್ದಿಷ್ಟ ವ್ಯಕ್ತಿಗಳ ಮೇಲೆ ಹೊರಿಸಿರುವುದೇ ಇದರ ನಿಜವಾದ ಬಲವೆಂದು ನಾನು ತಿಳಿದಿದ್ದೇನೆ. ಹಡಗಿಗೊಬ್ಬ, ಕಂಪನಿಗೊಬ್ಬ, ಬಂದರು ನೆಲೆಗೊಬ್ಬ ಭದ್ರತಾ ಅಧಿಕಾರಿ ಇರಲೇಬೇಕು. ಎಚ್ಚರಿಕೆಯ ಮೂರು ಹಂತಗಳನ್ನು ಸರ್ಕಾರಗಳು ನಿಗದಿಪಡಿಸುತ್ತವೆ: ಒಂದನೆಯದು ಸದಾ ಇರುವ ಕಾವಲು, ಎರಡನೆಯದು ಅಪಾಯ ಹೆಚ್ಚಿದಾಗಿನದು, ಮೂರನೆಯದು ದಾಳಿ ಸನ್ನಿಹಿತವೆಂದು ಕಂಡಾಗ ಅಲ್ಪಕಾಲಕ್ಕೆ ಹೇರುವಂಥದು. ಹಡಗಿನಲ್ಲಿ ಗುಪ್ತ ಗುಂಡಿಗಳೂ ಇರುತ್ತವೆ. ಅವುಗಳಲ್ಲಿ ಒಂದನ್ನು ಒತ್ತಿದರೆ ಹಡಗಿನೊಳಗೆ ಯಾವ ಸದ್ದೂ ಆಗದೆ, ಸುತ್ತಲಿನ ಹಡಗುಗಳಿಗೂ ಸುಳಿವು ಸಿಗದೆ, ಹಡಗಿನ ಗುರುತು ಮತ್ತು ಅದು ಇರುವ ಸ್ಥಳ ನೇರವಾಗಿ ದಡದ ಅಧಿಕಾರಿಗಳಿಗೆ ತಲುಪುತ್ತವೆ. ಹಡಗು ಹತ್ತಿ ಬಂದ ದಾಳಿಕೋರರ ಬಂದೂಕಿನೆದುರು ನಿಂತವರ ಜೀವ ಉಳಿಯಬೇಕೆಂಬ ಕಾಳಜಿ ಈ ಏರ್ಪಾಟಿನಲ್ಲಿದೆ.

ಆದರೆ ಅದೇ ಕಾಳಜಿ ಬಂದರಿನ ಗೇಟಿನಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ವಾರಗಟ್ಟಲೆ ನೀರಿನ ಮೇಲಿದ್ದು ಬಂದ ಹುಡುಗರಿಗೆ ಭದ್ರತೆಯ ಹೆಸರಿನಲ್ಲಿ ದಡಕ್ಕೆ ಇಳಿಯಲು ಬಿಡದ ಬಂದರುಗಳಿವೆ. ತಮ್ಮನ ಹಡಗು ಅಂಥದೊಂದು ಬಂದರಿನಲ್ಲಿ ನಿಂತಾಗ, ಊರಿಗೆ ಒಂದು ಫೋನು ಮಾಡಲು ಸಿಮ್ ಕೊಳ್ಳುವುದಕ್ಕೂ ಅವನಿಗೆ ಅವಕಾಶ ಸಿಗಲಿಲ್ಲ. ಇದು ಸಂಹಿತೆಯ ಆಶಯಕ್ಕೇ ವಿರುದ್ಧವೆಂಬುದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ನಾವಿಕರು ದಡಕ್ಕೆ ಇಳಿಯುವುದನ್ನು ಸುಗಮಗೊಳಿಸುವ ಕ್ರಮಗಳು, ನಾವಿಕರ ಕಲ್ಯಾಣ ಸಂಘಟನೆಗಳವರು ಹಡಗಿಗೆ ಬರಲು ಅನುವು ಮಾಡುವ ಕ್ರಮಗಳು ಪ್ರತಿಯೊಂದು ಬಂದರು ನೆಲೆಯ ಭದ್ರತಾ ಯೋಜನೆಯಲ್ಲಿ ಇರಲೇಬೇಕೆಂದು ಅದರ ಕಡ್ಡಾಯ ಭಾಗವೇ ವಿಧಿಸುತ್ತದೆ. ನಾವಿಕನನ್ನು ಅನುಮಾನದಿಂದ ಕಂಡರೆ, ಹಡಗಿನಲ್ಲಿ ಅಸಹಜವಾದುದನ್ನು ಮೊದಲು ಗಮನಿಸಬಲ್ಲವನನ್ನೇ ದೂರ ಮಾಡಿಕೊಂಡಂತೆ.

ನಮ್ಮ ಜಿಲ್ಲೆಯಿಂದ ಹಡಗಿನ ಕೆಲಸಕ್ಕೆ ಹೋಗುವ ಹುಡುಗರೂ ಅವರ ಮನೆಯವರೂ ಇನ್ನೊಂದನ್ನು ತಿಳಿದಿರಬೇಕು. ಕಡಲ ಸಂಚಾರವನ್ನು ಸುಗಮಗೊಳಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2018ರ ಜನವರಿ 1ರಿಂದ ಬಂದಿರುವ ತಿದ್ದುಪಡಿಯಂತೆ, ದಡಕ್ಕಿಳಿಯಲು ಅನುಮತಿ ನಿರಾಕರಿಸುವ ಅಧಿಕಾರಿಗಳು ಅದರ ಕಾರಣವನ್ನು ನಾವಿಕನಿಗೂ ಕ್ಯಾಪ್ಟನ್‌ಗೂ ತಿಳಿಸಬೇಕು. ಇಬ್ಬರಲ್ಲಿ ಯಾರು ಕೇಳಿದರೂ ಅದನ್ನು ಬರವಣಿಗೆಯಲ್ಲಿಯೇ ಕೊಡಬೇಕು.