ಮೂತ್ರದಲ್ಲಿ ಸಿಗುವ ಸುಳಿವು

ಮೂತ್ರಪಿಂಡದ ಕ್ಯಾನ್ಸರ್ ಮೊದಮೊದಲು ನೋವನ್ನೂ ಕೊಡದೆ ಬೆಳೆಯುವುದರಿಂದ, ಬೇರಾವುದೋ ತೊಂದರೆಗೆಂದು ಮಾಡಿಸಿದ ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಆಕಸ್ಮಿಕವಾಗಿ ಕಣ್ಣಿಗೆ ಬೀಳುವುದೇ ಹೆಚ್ಚು. ಅದಕ್ಕೇ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಂದು ಓದಿ ಮನಸ್ಸಿಗೆ ಸಮಾಧಾನವಾಯಿತು. ಅಕ್ವಾಪೊರಿನ್-1, ಪೆರಿಲಿಪಿನ್-2 ಎಂಬ ಪ್ರೋಟೀನ್‌ಗಳು ಈ ರೋಗಿಗಳ ಮೂತ್ರದಲ್ಲಿ ಬಹಳ ಹೆಚ್ಚಾಗಿರುತ್ತವೆ. ಗಡ್ಡೆ ತೆಗೆದ ಮೇಲೆ ಇಳಿಯುತ್ತವೆ. ಹೊಟ್ಟೆಯ ಸಿಟಿ ಸ್ಕ್ಯಾನ್‌ಗೆಂದು ಬಂದಿದ್ದ 720 ಮಂದಿಯ ಮೂತ್ರವನ್ನು ಪರೀಕ್ಷಿಸಿದಾಗ ಮೂವರಲ್ಲಿ ಮಾತ್ರ ಅವುಗಳ ಪ್ರಮಾಣ ಏರಿತ್ತು, ಆ ಮೂವರ ಸ್ಕ್ಯಾನ್‌ನಲ್ಲೂ ಮೂತ್ರಪಿಂಡದಲ್ಲಿ ಗಡ್ಡೆ ಕಂಡಿತು. ಈ ಕ್ಯಾನ್ಸರ್ ವಿರಳವಾದ್ದರಿಂದ ಎಲ್ಲರನ್ನೂ ತಪಾಸಣೆಗೆ ಒಳಪಡಿಸುವುದು ಸುಲಭವಲ್ಲ. ಆದರೆ ಸ್ಕ್ಯಾನ್‌ನಲ್ಲಿ ಗಡ್ಡೆ ಕಂಡು ಕಂಗಾಲಾದವರಿಗೆ, ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ತಿಳಿಸಬಲ್ಲ ಪರೀಕ್ಷೆಯೊಂದು ಬೇಗ ಕೈಗೆಟುಕಲಿ ಎಂಬುದೇ ನನ್ನ ಹಾರೈಕೆ.