‘ಹೊಸ ಹಕ್ಕಿ’ ಅನ್ನುವ ಮುಂಚೆ

ಮಳೆಗಾಲ ಮುಗಿದು ಹೊಳೆ ಇಳಿಯುವ ಹೊತ್ತಿಗೆ ಪುಣೆ, ಮುಂಬೈ ಕನ್ನಡಿಗರ ಚಾರಣದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಫೋಟೊ ಬರತೊಡಗುತ್ತದೆ. ಅಂಗೈ ಮೇಲೆ ಕಂದುಬಣ್ಣಕ್ಕೆ ತಿರುಗಿದ ಒಂದು ತೆಳ್ಳನೆಯ ಮೂಳೆ, ಅದರ ಕೆಳಗೆ ‘ಇದು ಯಾವ ಹಕ್ಕಿ? ಅಳಿದುಹೋದ ಹೊಸ ಜಾತಿ ಇರಬಹುದಾ?’ ಎಂಬ ಪ್ರಶ್ನೆ. ಪಕ್ಕದಲ್ಲಿ ಅಳತೆಪಟ್ಟಿ ಇರುವುದಿಲ್ಲ. ಸಿಕ್ಕಿದ್ದು ಯಾವ ಪದರದಲ್ಲಿ ಎಂಬ ಮಾತಿಲ್ಲ. ಮೂಳೆಯ ಒಂದೇ ಮಗ್ಗುಲು ಕಾಣುತ್ತದೆ. ಪ್ರಶ್ನೆ ಮಾತ್ರ ತುಂಬಾ ಒಳ್ಳೆಯದು, ಅದಕ್ಕೆ ಸರಿಯಾದ ಉತ್ತರ ಸಿಗಬೇಕು.

ಮೊದಲ ತಪ್ಪು ಆಗುವುದು ಮೂಳೆಯನ್ನು ಎತ್ತಿಕೊಂಡಾಗಲೇ. ಪುಣೆ ಜಿಲ್ಲೆಯ ಇನಾಮಗಾಂವ್ ಸುತ್ತಿನ ಘೋಡ್ ನದಿಯ ದಂಡೆಯಂಥ ಕಡೆ ಜಲ್ಲಿ ಮತ್ತು ಹೂಳಿನ ಪದರಗಳು ಒಂದರ ಮೇಲೊಂದು ಕೂತಿರುತ್ತವೆ. ಆನೆ, ಕಾಡೆಮ್ಮೆಯಂಥ ದೊಡ್ಡ ಪ್ರಾಣಿಗಳ ಪಳೆಯುಳಿಕೆ ಸಿಗುವ ಪದರದ ಮೇಲೇ ಹೋದ ವರ್ಷ ಸತ್ತ ಕೊಕ್ಕರೆಯ ಮೂಳೆಯೂ ಬಿದ್ದಿರುತ್ತದೆ. ಪದರದಿಂದ ಕಿತ್ತ ಮೂಳೆಗೆ ವಯಸ್ಸು ಹೇಳುವುದು ಕಷ್ಟ. ವಯಸ್ಸು ಗೊತ್ತಿಲ್ಲದ ಒಂಟಿ ಮೂಳೆಯ ಮೇಲೆ ಹೊಸ ಪ್ರಭೇದ ಕಟ್ಟಿದರೆ ಅದು ನಿಲ್ಲುವುದೂ ಕಷ್ಟ. ಇದ್ದಲ್ಲೇ ಬಿಟ್ಟು ಸ್ಕೇಲ್ ಇಟ್ಟು ನೇರ ಮೇಲಿನಿಂದ ಒಂದು ಫೋಟೊ, ದಂಡೆಯ ಪೂರ್ತಿ ಗೋಡೆ ಕಾಣುವ ಹಾಗೆ ಇನ್ನೊಂದು ಫೋಟೊ ತೆಗೆದು, ಜಿಪಿಎಸ್ ಗುರುತು ಹಾಕಿಕೊಂಡು, ಗೊತ್ತಿರುವವರಿಗೆ ತಿಳಿಸಿ.

ಆಮೇಲಿನ ಪ್ರಶ್ನೆ: ಇದು ನಿಜವಾಗಿ ಹಕ್ಕಿಯದೇನಾ? ಗೋಡೆ ತೆಳು, ಒಳಗೆ ಟೊಳ್ಳು, ಹೊರಮೈ ನಯ ಇದ್ದರೆ ಹಕ್ಕಿ ಎಂದು ಮನಸ್ಸು ಓಡುತ್ತದೆ. ಮೊಲದ ಕಾಲಿನ ಮೂಳೆಯ ತುಂಡು, ಬಾವಲಿಯ ತೋಳಿನ ಮೂಳೆ ಕೂಡ ಹಾಗೇ ಕಾಣುತ್ತವೆ. ದೊಡ್ಡವರೂ ಇಲ್ಲಿ ಎಡವಿದ್ದಾರೆ. ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳ ಪಳೆಯುಳಿಕೆಗಳಲ್ಲಿ ಸಿಕ್ಕ ಒಂದು ಬೆರಳಿನ ಮೂಳೆಯನ್ನು ಬ್ರಿಟಿಷ್ ಪಳೆಯುಳಿಕೆ ತಜ್ಞ ರಿಚರ್ಡ್ ಲಿಡೆಕ್ಕರ್ 1884ರಲ್ಲಿ ಎಮುವಿನ ಜಾತಿಗೆ ಸೇರಿಸಿದರು. ಆಮೇಲೆ ಅದಕ್ಕೆ ಹಿಪ್ಸೆಲಾರ್ನಿಸ್ ಎಂಬ ಪ್ರತ್ಯೇಕ ಹೆಸರೂ ಬಂತು. ಅದು ಮೊಸಳೆಯ ಬೆರಳು ಎಂದು ಮುಂದೆ ತಿಳಿಯಿತು. ಬೆರಳಿನ ಒಂಟಿ ಮೂಳೆ ಅಷ್ಟು ಕಡಿಮೆ ಹೇಳುತ್ತದೆ.

ಇದಕ್ಕೆ ಎದುರಾಗಿ ಬ್ರಿಟಿಷ್ ಅಂಗರಚನಾ ತಜ್ಞ ರಿಚರ್ಡ್ ಓವೆನ್ ಅವರನ್ನು ನೋಡಿ. ಮುಂಬೈಯ ವರ್ಲಿ ಗುಡ್ಡದ ಕಲ್ಲಿನಲ್ಲಿ ಸಿಕ್ಕ ಪುಟ್ಟ ಕಪ್ಪೆಗಳಿಗೆ 1847ರಲ್ಲಿ ಹೆಸರು ಕೊಟ್ಟವರು ಇದೇ ಓವೆನ್. ಅದಕ್ಕೂ ಮುಂಚೆ, 1839ರಲ್ಲಿ, ನ್ಯೂಜಿಲೆಂಡಿನಿಂದ ಬಂದ ಸುಮಾರು 15 ಸೆಂಟಿಮೀಟರ್ ಉದ್ದದ, ಎರಡೂ ತುದಿ ಮುರಿದ ತೊಡೆಮೂಳೆಯ ತುಂಡೊಂದು ಅವರ ಮೇಜಿಗೆ ಬಂದಿತ್ತು. ಮೂಳೆಯ ಒಳರಚನೆ ನೋಡಿ, ಬೇರೆ ಪ್ರಾಣಿಗಳ ತೊಡೆಮೂಳೆಗಳ ಜೊತೆ ಹೋಲಿಸಿ, ಆಸ್ಟ್ರಿಚ್‌ನಷ್ಟು ದೊಡ್ಡ ಹಕ್ಕಿಯೊಂದು ಅಲ್ಲಿತ್ತು ಎಂದಷ್ಟೇ ಹೇಳಿದರು. ಹೆಚ್ಚು ಮೂಳೆಗಳು ಬಂದ ಮೇಲೆ, 1843ರಲ್ಲಿ, ಡೈನಾರ್ನಿಸ್ ಎಂಬ ಹೆಸರು ಬಂತು. ಆ ನಾಲ್ಕು ವರ್ಷ ಕಾದದ್ದು ಈ ಕೆಲಸದ ನಿಜವಾದ ಅಳತೆ ಅಂತ ನಮಗೆ ಅನ್ನಿಸುತ್ತದೆ.

ಹಕ್ಕಿಯ ಎಲ್ಲ ಮೂಳೆಗಳೂ ಒಂದೇ ಸಮ ಮಾತಾಡುವುದಿಲ್ಲ. ಪಕ್ಕೆಲುಬು, ಬೆನ್ನುಮೂಳೆಯ ಮಣಿ, ಬೆರಳಿನ ಗೆಣ್ಣುಗಳಿಂದ ಅದು ಯಾವ ಕುಟುಂಬದ ಹಕ್ಕಿ ಎಂದು ಹೇಳಲಾಗುವುದೂ ಅಪರೂಪ. ಹೆಚ್ಚು ಹೇಳುವವು ತೋಳಿನ ಹ್ಯೂಮರಸ್, ಭುಜವನ್ನು ಎದೆಗೆ ಆನಿಸುವ ಕೊರಕಾಯ್ಡ್, ರೆಕ್ಕೆತುದಿಯ ಕಾರ್ಪೊಮೆಟಕಾರ್ಪಸ್, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಕಾಲಿನ ಟಾರ್ಸೊಮೆಟಟಾರ್ಸಸ್. ಅಂಗಡಿಯಲ್ಲಿ ಕಡಿದು ಬೇರೆ ಇಡುವ, ಹುರುಪೆ ಚರ್ಮದ ಕೋಳಿಕಾಲಿನ ಒಳಗಿರುವುದೇ ಈ ಟಾರ್ಸೊಮೆಟಟಾರ್ಸಸ್. ನಾವು ಲೆಗ್‌ಪೀಸ್ ಎಂದು ತಿನ್ನುವುದರ ಮೂಳೆ ಅದಕ್ಕೂ ಮೇಲಿನ ಟಿಬಿಯೊಟಾರ್ಸಸ್. ಟಾರ್ಸೊಮೆಟಟಾರ್ಸಸ್‌ನ ಕೆಳತುದಿಯಲ್ಲಿ ಮೂರು ಗಾಲಿಗಳಂಥ ಉಬ್ಬುಗಳಿರುತ್ತವೆ, ಒಂದೊಂದು ಬೆರಳಿಗೆ ಒಂದೊಂದು. ಗಿಳಿಯಲ್ಲಿ ಹೊರಗಿನ ಗಾಲಿ ಹಿಂದಕ್ಕೆ ತಿರುಗಿರುತ್ತದೆ, ಅದರ ಆ ಬೆರಳು ಹಿಂದಕ್ಕೆ ಚಾಚುವುದರಿಂದ. ಮೂಳೆ ಕೂಡ ಗಿಡ್ಡ, ಅಗಲ. ಬಹಳಷ್ಟು ಗೂಬೆಗಳಲ್ಲಿ ಮುಂಭಾಗದ ಮೇಲ್ಗಡೆ ಸ್ನಾಯುರಜ್ಜು ನುಸುಳಲು ಮೂಳೆಯದೇ ಒಂದು ಕಮಾನು ಇರುತ್ತದೆ. ಗೂಬೆಯ ಟಿಬಿಯೊಟಾರ್ಸಸ್‌ನ ಕೆಳತುದಿಯಲ್ಲಿ, ಬಹಳಷ್ಟು ಹಕ್ಕಿಗಳಿಗಿರುವ ಮೂಳೆಸೇತುವೆ ಇರುವುದಿಲ್ಲ. ಇಂಥ ಎರಡು ಗುರುತು ಒಟ್ಟಿಗೆ ಸಿಕ್ಕರೆ ಹುಡುಕುವ ಜಾಗ ಕೂಡಲೇ ಚಿಕ್ಕದಾಗುತ್ತದೆ.

ಭಾನುವಾರ ಮನೆಗೆ ಕೋಳಿ ತರುವವರು ಒಂದು ಪ್ರಯೋಗ ಮಾಡಿ. ಮೇಲೆ ಹೇಳಿದ ಹುರುಪೆ ಚರ್ಮದ ಕಾಲೇ ಬೇಕು: ಒಂದು ಬ್ರಾಯ್ಲರ್‌ನದು, ಒಂದು ಬಲಿತ ನಾಟಿ ಹುಂಜದ್ದು ತನ್ನಿ. ಇಲ್ಲಿ ‘ಗಾವ್ರಾನ್’ ಎಂದು ಕೇಳಿದರೆ ಸಿಗುತ್ತದೆ. ಕುಕ್ಕರ್ ಬೇಡ, ಸೀಟಿ ಹೊಡೆಸಿದ ಮೂಳೆ ಮೆದುವಾಗುತ್ತದೆ. ಸಣ್ಣ ಉರಿಯಲ್ಲಿ ಬೇಯಿಸಿ ಮಾಂಸ ಬಿಡಿಸಿ, ಕಿಣ್ವ (ಎನ್‌ಜೈಮ್) ಇರುವ ಬಟ್ಟೆ ಒಗೆಯುವ ಪುಡಿಯನ್ನು ಲೀಟರಿಗೆ ಒಂದು ಚಮಚ ಹಾಕಿದ ಬೆಚ್ಚಗಿನ ನೀರಿನಲ್ಲಿ ಒಂದೆರಡು ದಿನ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ. ಬ್ಲೀಚಿಂಗ್ ಪುಡಿ ಬೇಡವೇ ಬೇಡ, ಅದು ಮೂಳೆಯನ್ನೇ ತಿನ್ನುತ್ತದೆ. ಈಗ ಎರಡನ್ನೂ ಅಕ್ಕಪಕ್ಕ ಇಡಿ. ಬ್ರಾಯ್ಲರ್ ಕೋಳಿಯನ್ನು ಸುಮಾರು ಆರು ವಾರಕ್ಕೇ ಕೊಯ್ಯುತ್ತಾರೆ. ಅದರ ಮೂಳೆಯ ತುದಿಗಳು ಇನ್ನೂ ಮೃದ್ವಸ್ಥಿ, ಮೈ ಸ್ಪಂಜಿನ ಹಾಗೆ ತೂತುತೂತು, ಮೇಲ್ಗಡೆಯ ಟೋಪಿಯಂಥ ತುದಿ ದಂಡಕ್ಕೆ, ಅಂದರೆ ಮೂಳೆಯ ಉದ್ದನೆಯ ನಡುಭಾಗಕ್ಕೆ, ಬೆಸೆದುಕೊಂಡಿಲ್ಲ, ಕೈಯಲ್ಲೇ ಕಳಚಿ ಬರುತ್ತದೆ. ಹುಂಜದ ಮೂಳೆ ಗಟ್ಟಿ, ನಯ, ಅಂಚು ಚೂಪು, ಒಳಬದಿಯಲ್ಲಿ ಮೂಳೆಯದೇ ಮುಳ್ಳು. ಕೋಳಿ ಎಂದರೇನೆಂದು ಗೊತ್ತಿಲ್ಲದವರು ಇವೆರಡನ್ನು ಎರಡು ಪ್ರಭೇದ ಎಂದು ಬರೆದುಬಿಡಬಹುದು. ಒಂದೇ ಹಕ್ಕಿ, ವಯಸ್ಸು ಮತ್ತು ತಳಿ ಬೇರೆ, ಅಷ್ಟೇ.

ಇದು ಬರೀ ಅಡುಗೆಮನೆಯ ಆಟವಲ್ಲ. ನ್ಯೂಜಿಲೆಂಡಿನ ಆ ಡೈನಾರ್ನಿಸ್ ಮೋವಾಗಳಲ್ಲಿ, ಅಂದರೆ ಅಳಿದುಹೋದ ಆ ದೈತ್ಯ ಹಕ್ಕಿಗಳಲ್ಲಿ, ಗಾತ್ರ ನೋಡಿ ಹಲವು ಪ್ರಭೇದ ಮಾಡಿದ್ದರು. ಚಿಕ್ಕವುಗಳಿಗೆ ಒಂದು ಹೆಸರು, ದೊಡ್ಡವಕ್ಕೆ ಬೇರೆ ಹೆಸರು. 2003ರಲ್ಲಿ ಮೂಳೆಯ ಡಿಎನ್‌ಎ ನೋಡಿದಾಗ ಚಿಕ್ಕವು ಗಂಡು, ದೊಡ್ಡವು ಹೆಣ್ಣು ಎಂದು ಗೊತ್ತಾಯಿತು. ಅತಿ ದೊಡ್ಡ ಹೆಣ್ಣು ಅತಿ ದೊಡ್ಡ ಗಂಡಿನ ಒಂದೂವರೆ ಪಟ್ಟು ಎತ್ತರ, ಸುಮಾರು 2.8 ಪಟ್ಟು ತೂಕ ಇತ್ತು. ನಮ್ಮ ಹದ್ದು-ಗಿಡುಗಗಳಲ್ಲೂ ಹೆಣ್ಣು ದೊಡ್ಡದು, ನವಿಲು-ಕಾಡುಕೋಳಿಗಳಲ್ಲಿ ಗಂಡು ದೊಡ್ಡದು. ಹಾಗಾಗಿ ‘ಇದು ದೊಡ್ಡದಾಗಿದೆ’ ಅನ್ನುವುದು ಹೊಸ ಪ್ರಭೇದಕ್ಕೆ ಅತ್ಯಂತ ಬಡ ಕಾರಣ.

ಅಳತೆಯ ಲೆಕ್ಕ ಹೀಗೆ. ಡಿಜಿಟಲ್ ಕ್ಯಾಲಿಪರ್ 0.01 ಮಿ.ಮೀ. ತೋರಿಸುತ್ತದೆ, ಆದರೆ ಅದೇ ಮೂಳೆಯನ್ನು ಅದೇ ಕೈ ಮತ್ತೆ ಅಳೆದಾಗ 0.1 ಮಿ.ಮೀ. ಅತ್ತಿತ್ತ ಆಗುವುದು ಸಹಜ. ಪ್ರತಿ ಸಲ ಸೊನ್ನೆಗೆ ತಂದು, ಮೂರು ಸಲ ಅಳೆದು, ಸರಾಸರಿ ಬರೆಯಿರಿ. ಪೂರ್ತಿ ಉದ್ದ, ಮೇಲ್ತುದಿಯ ಅಗಲ, ಕೆಳತುದಿಯ ಅಗಲ, ದಂಡದ ಅತಿ ಸಣ್ಣ ಅಗಲ ಈ ನಾಲ್ಕು ಕನಿಷ್ಠ. ಒಂದೇ ಹಕ್ಕಿ ಪ್ರಭೇದದೊಳಗೆ ಮೂಳೆಯ ಉದ್ದದ ವ್ಯತ್ಯಾಸದ ಗುಣಾಂಕ, ಅಂದರೆ ಅಳತೆಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಶೇಕಡಾ ಲೆಕ್ಕ, ಸಾಮಾನ್ಯವಾಗಿ ಶೇಕಡಾ 2ರಿಂದ 5ರೊಳಗೆ ಇರುತ್ತದೆ. ಉದಾಹರಣೆಗೆ ಇಂದಿನ ಒಂದು ಹಕ್ಕಿಯ ಟಾರ್ಸೊಮೆಟಟಾರ್ಸಸ್ ಸರಾಸರಿ 40 ಮಿ.ಮೀ., ಗುಣಾಂಕ ಶೇಕಡಾ 3 ಎಂದಿಟ್ಟುಕೊಳ್ಳಿ. ಆಗ ಪ್ರಮಾಣ ವಿಚಲನೆ (ಅದೇ ಚದುರುವಿಕೆ ಮಿ.ಮೀ. ಲೆಕ್ಕದಲ್ಲಿ) 1.2 ಮಿ.ಮೀ., ನೂರರಲ್ಲಿ ತೊಂಬತ್ತೈದು ಹಕ್ಕಿಗಳು ಸುಮಾರು 37.6ರಿಂದ 42.4ರೊಳಗೆ ಬರುತ್ತವೆ. ನಿಮ್ಮ ಪಳೆಯುಳಿಕೆ 42 ಇದ್ದರೆ ಅದು ಇದೇ ಹಕ್ಕಿ ಆಗಿರಬಹುದು. 48 ಇದ್ದರೆ ಮಾತಾಡೋಣ, ಅದೂ ಗಂಡು ಹೆಣ್ಣು ಎರಡನ್ನೂ ಅಳೆದ ಮೇಲೆ. ಬರೀ ಎರಡು ಮೂರು ಮಾದರಿ ಅಳೆದು ಈ ಲೆಕ್ಕ ಹಾಕಿದರೆ ಅರ್ಥವಿಲ್ಲ. ಸುಟ್ಟು ಬಿಳಿಯಾದ ಮೂಳೆ ಕುಗ್ಗಿರುತ್ತದೆ, ಅದನ್ನು ಪಟ್ಟಿಯಿಂದ ಹೊರಗಿಡಿ. ಗೂಬೆ ನುಂಗಿ ಉಗುಳಿದ ಮೂಳೆಯ ತುದಿ ಹೊಟ್ಟೆಯ ಆಮ್ಲದಿಂದ ಸವೆದು ದುಂಡಗಾಗಿರಬಹುದು, ಆ ದುಂಡುತನ ಪ್ರಭೇದದ ಲಕ್ಷಣವಲ್ಲ.

ಗಾತ್ರವನ್ನು ಬಿಟ್ಟು ಆಕಾರಕ್ಕೆ ಬಂದಾಗ ಕೆಲಸ ಗಟ್ಟಿಯಾಗುತ್ತದೆ. ಕೊರಕಾಯ್ಡ್ ಕೈಗೆ ತೆಗೆದುಕೊಂಡರೆ: ಮೇಲ್ತುದಿ ಕೊಕ್ಕೆಯ ಹಾಗೆ ಬಾಗಿದೆಯೇ, ಒಳಬದಿಯಲ್ಲಿ ಮುಳ್ಳು ಚಾಚಿದೆಯೇ, ಅದರ ಬುಡದಲ್ಲಿ ನರ ಹಾಯುವ ತೂತು ಇದೆಯೇ, ಭುಜದ ಹಲಗೆ ಕೂರುವ ಗುಳಿ ಆಳವೇ ಚಪ್ಪಟೆಯೇ? ಕೋಳಿಯಲ್ಲಿ ಆ ಮುಳ್ಳು ಇಲ್ಲವೆನ್ನುವಷ್ಟು ಕಡಿಮೆ, ಬಹಳಷ್ಟು ಗಿಡುಗ-ಗೂಬೆಗಳಲ್ಲಿ ಮುಳ್ಳೂ ಇದೆ, ತೂತೂ ಇದೆ. ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಿಂದ, 5 ಕೋಟಿ ವರ್ಷಕ್ಕೂ ಹಳೆಯ ಪದರದಿಂದ, 2007ರಲ್ಲಿ ವಸ್ತಾನಾವಿಸ್ ಇಯೊಸೀನಾ ಎಂಬ ಹಕ್ಕಿಯನ್ನು ಗೆರಾಲ್ಡ್ ಮಾಯರ್ ಮತ್ತು ಸಂಗಡಿಗರು ವಿವರಿಸಿದ್ದು ಮುಖ್ಯವಾಗಿ ಕೊರಕಾಯ್ಡ್‌ಗಳ ಮೇಲೆ. ಒಳ್ಳೆಯ ಕೊರಕಾಯ್ಡ್ ಸಿಕ್ಕರೆ ಸಾಕಾಗುತ್ತದೆ, ಹೋಲಿಸಲು ಬೇರೆ ಕೊರಕಾಯ್ಡ್‌ಗಳು ಇದ್ದರೆ.

ಆ ‘ಇದ್ದರೆ’ಯಲ್ಲೇ ನಮ್ಮ ಕಷ್ಟವೆಲ್ಲ ಇದೆ. ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಗ್ರಹ ಅಮೂಲ್ಯ, ಆದರೆ ಹಕ್ಕಿಗಳ ಸಂಗ್ರಹವೆಂದರೆ ಬಹುಪಾಲು ಹತ್ತಿ ತುಂಬಿದ ಚರ್ಮಗಳು. ಚರ್ಮ ಸುಲಿಯುವಾಗ ಎದೆ, ಭುಜ, ಸೊಂಟದ ಮೂಳೆಗಳು ಹೊರಗೆ ಹೋಗುತ್ತವೆ. ಕೊಕ್ಕು, ರೆಕ್ಕೆತುದಿ, ಕಾಲು ಉಳಿಯುತ್ತವೆ. ಹಾಗಾಗಿ ನಿಮ್ಮ ಪಳೆಯುಳಿಕೆ ಟಾರ್ಸೊಮೆಟಟಾರ್ಸಸ್ ಆಗಿದ್ದರೆ ಚರ್ಮದ ಮಾದರಿಯಲ್ಲೂ ಅದರ ಉದ್ದ ಸಿಗುತ್ತದೆ, ಕೊರಕಾಯ್ಡ್ ಆಗಿದ್ದರೆ ಇಲ್ಲ. ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಣಿಪುರಾತತ್ತ್ವ ಪ್ರಯೋಗಾಲಯದಲ್ಲಿ ಹೋಲಿಕೆಗೆಂದೇ ಸಿದ್ಧಪಡಿಸಿದ ಅಸ್ಥಿಪಂಜರಗಳಿವೆ, ಉತ್ಖನನದ ಮೂಳೆ ಗುರುತಿಸುವವರಿಗೆ ಅದೇ ದಾರಿ. ರಸ್ತೆಬದಿ ಸತ್ತ ಹಕ್ಕಿಯಿಂದ ಸ್ವಂತ ಸಂಗ್ರಹ ಮಾಡುತ್ತೇನೆ ಅನ್ನುವವರು 1972ರ ವನ್ಯಜೀವಿ ಕಾಯ್ದೆ ನೆನಪಿಡಿ: ಸತ್ತು ಬಿದ್ದ ನವಿಲು ಕೂಡ ಸರ್ಕಾರದ ಆಸ್ತಿ, ಅನುಮತಿ ಬೇಕೇ ಬೇಕು. ಪ್ರತಿ ಪ್ರಭೇದದಿಂದ ಗಂಡು-ಹೆಣ್ಣು ಸೇರಿ ಹತ್ತು ಅಸ್ಥಿಪಂಜರ ಈ ಊರಲ್ಲಿ ಸಾಲಾಗಿ ಸಿಗುವ ದಿನ ಬರಲಿ ಎಂದು ಮನಸಾರೆ ಬಯಸುತ್ತೇವೆ.

ಮೂಳೆಯೇ ಇಲ್ಲದೆ ಬರೀ ಮೊಟ್ಟೆಚಿಪ್ಪು ಸಿಕ್ಕರೆ ಬೇರೆ ತೊಡಕು. ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಪಾಟಣೆಯಲ್ಲಿ ಆಸ್ಟ್ರಿಚ್ ಮೊಟ್ಟೆಚಿಪ್ಪಿನ ಮಣಿಗಳೂ ಗೆರೆ ಕೊರೆದ ತುಂಡೂ ಸಿಕ್ಕಿವೆ. ಶಿವಾಲಿಕ್‌ನ ಆಸ್ಟ್ರಿಚ್ ಮೂಳೆಗಳ ಮೇಲೆ 1871ರಲ್ಲೇ ಸ್ಟ್ರುಥಿಯೊ ಏಷ್ಯಾಟಿಕಸ್ ಎಂಬ ಹೆಸರಿದೆ. ಆದರೆ ಚಿಪ್ಪಿನ ಜೊತೆ ಮೂಳೆಯನ್ನು ಹೋಲಿಸಲಾಗದು. ಎರಡು ವಸ್ತುಗಳಲ್ಲೂ ಒಂದೇ ಭಾಗ ಇರಬೇಕು, ಇಲ್ಲದಿದ್ದರೆ ಅವು ಒಂದೇ ಎಂದೂ ಬೇರೆ ಎಂದೂ ಹೇಳುವ ಹಾಗಿಲ್ಲ. ಡಿಎನ್‌ಎ ಮೇಲೆ ಹೆಚ್ಚು ಭರವಸೆ ಇಡಬೇಡಿ, ನಮ್ಮ ಸೆಕೆಗೆ ಮೂಳೆಯಲ್ಲಿ ಅದು ಬೇಗ ಚೂರಾಗುತ್ತದೆ. ಭಾರತದ ಆಸ್ಟ್ರಿಚ್ ಬಗ್ಗೆ 2017ರಲ್ಲಿ ಡಿಎನ್‌ಎ ಫಲಿತಾಂಶ ಬಂದದ್ದು ಚಿಪ್ಪಿನಿಂದಲೇ.

ಎರಡು ಮೂಳೆ ಹತ್ತಿರ ಸಿಕ್ಕವು ಅಂತ ಒಂದೇ ಹಕ್ಕಿಯವು ಎನ್ನಬೇಡಿ. 1999ರಲ್ಲಿ ಚೀನಾದ ‘ಆರ್ಕಿಯೊರ‍್ಯಾಪ್ಟರ್’ ಎಂಬ ಪಳೆಯುಳಿಕೆ ದೊಡ್ಡ ಸುದ್ದಿಯಾಯಿತು, ಆಮೇಲೆ ನೋಡಿದರೆ ಮೈ ಒಂದು ಹಕ್ಕಿಯದು, ಬಾಲ ಒಂದು ಡೈನೊಸಾರಿನದು, ಅಂಟಿಸಿದ್ದು. ಅಂಟಿನ ಮಾತು ಬಂದಿದ್ದರಿಂದ ಹೇಳುತ್ತೇವೆ: ಮುರಿದ ಮೂಳೆಗೆ ಸೂಪರ್ ಗ್ಲೂ ಹಾಕಬೇಡಿ, ಸುಲಭವಾಗಿ ಬಿಡಿಸಲಾಗದು. ಪುಡಿಯಾಗುವ ಮೂಳೆಗೆ ಪ್ಯಾರಲಾಯ್ಡ್ ಬಿ-72 ಎಂಬ, ಮತ್ತೆ ಕರಗಿಸಬಹುದಾದ ಅಂಟುರಾಳ, 100 ಮಿ.ಲೀ. ಅಸಿಟೋನಿಗೆ 5 ಗ್ರಾಂ. ಹರಳುಗಳನ್ನು ತೆಳುಬಟ್ಟೆಯಲ್ಲಿ ಕಟ್ಟಿ ಅಸಿಟೋನಿನಲ್ಲಿ ತೂಗಿಬಿಡಿ, ನೇರ ಸುರಿದರೆ ತಳದಲ್ಲಿ ಗಟ್ಟಿಯಾಗಿ ಕೂರುತ್ತವೆ. ಜುಲೈ-ಆಗಸ್ಟಿನ ಮುಂಬೈ ಗಾಳಿಯಲ್ಲಿ ಇದನ್ನು ಬಳಿದರೆ ಅಸಿಟೋನ್ ಆರುವಾಗ ತೇವ ಹಿಡಿದು ಮೂಳೆ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಸೂಕ್ಷ್ಮ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಎಸಿ ಕೋಣೆಯಲ್ಲಿ ಮಾಡಿ, ಇಲ್ಲವೇ ಅಕ್ಟೋಬರ್‌ವರೆಗೆ ಕಾಯಿರಿ. ಲಿಗ್ನೈಟ್‌ನಂಥ ಪದರದ ಮೂಳೆಯಲ್ಲಿ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಇದ್ದರೆ ತೇವಕ್ಕೆ ಅದು ಕೊಳೆತು ಮೂಳೆಯನ್ನೇ ಸೀಳುತ್ತದೆ, ಸಿಲಿಕಾ ಜೆಲ್ ಹಾಕಿ ಗಾಳಿಯಾಡದ ಡಬ್ಬಿಯಲ್ಲಿಡಿ.

ಇಷ್ಟೆಲ್ಲ ದಾಟಿ, ಆಕಾರದಲ್ಲಿ ಎರಡು ಮೂರು ಖಚಿತ ವ್ಯತ್ಯಾಸ ಉಳಿದು, ಹಳೆಯ ಹೆಸರುಗಳ ಮೂಲಮಾದರಿಗಳನ್ನೂ ನೋಡಿ ಆದ ಮೇಲೆ ಹೆಸರಿನ ಕೆಲಸ. ಅದು ಸಣ್ಣದು. ಒಂದು ಮೂಳೆಯನ್ನು ಹೋಲೋಟೈಪ್ (ಆ ಹೆಸರಿಗೆ ಆಧಾರವಾಗುವ ಮೂಲಮಾದರಿ) ಎಂದು ಸ್ಪಷ್ಟವಾಗಿ ಹೇಳಬೇಕು, ಬೇರೆಯವರು ನೋಡಬಲ್ಲ ಸಂಸ್ಥೆಯಲ್ಲಿ ಅದು ಇರಬೇಕು, ಬೇರೆಯವುಗಳಿಂದ ಹೇಗೆ ಭಿನ್ನ ಎಂದು ಬರೆಯಬೇಕು. ಆನ್‌ಲೈನ್‌ನಲ್ಲಷ್ಟೇ ಪ್ರಕಟವಾಗುವುದಾದರೆ, 2012ರಿಂದ, ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ದಾಖಲೆ ತಾಣವಾದ ಝೂಬ್ಯಾಂಕ್‌ನಲ್ಲಿ ನೋಂದಣಿಯೂ ಬೇಕು. ಹೆಸರಿನ ಎರಡನೇ ಪದ ವಿಶೇಷಣವಾಗಿದ್ದರೆ ಮೊದಲನೆಯದರ ಲಿಂಗಕ್ಕೆ ಹೊಂದಬೇಕು. ಲ್ಯಾಟಿನ್‌ನಲ್ಲಿ ‘ಆವಿಸ್’ ಸ್ತ್ರೀಲಿಂಗ, ಅದಕ್ಕೇ ವಸ್ತಾನಾವಿಸ್‌ಗೆ ‘ಇಯೊಸೀನಾ’.

ಕೊನೆಗೆ ಮೂಳೆಯ ಮೇಲೆ ಸಂಗ್ರಹದ ಸಂಖ್ಯೆ ಬರೆಯಬೇಕು. ಮೊದಲು ಬಿ-72ರ ತೆಳು ಪದರ, ಒಣಗಿದ ಮೇಲೆ ಸಣ್ಣ ನಿಬ್ಬಿನಿಂದ ಕಪ್ಪು ಇಂಡಿಯನ್ ಇಂಕ್, ಅದರ ಮೇಲೆ ಇನ್ನೊಂದು ಪದರ. ಬರೆಯುವುದು ದಂಡದ ನಯವಾದ ಭಾಗದಲ್ಲಿ. ತುದಿಗಳ ಮೇಲೆ ಬೇಡ, ನಾಳೆ ಇದನ್ನು ಇನ್ನೊಂದು ಮೂಳೆಯ ಪಕ್ಕ ಇಟ್ಟು ನೋಡುವವರಿಗೆ ಬೇಕಾಗುವುದು ಅವೇ.