ನಾಲ್ಕನೇ ಶನಿವಾರ ಬಿದ್ದ ಹುಳುಗಳು

ಹವಳವನ್ನು ಔಷಧಿ ಬೆರೆಸಿದ ನೀರಿನಲ್ಲಿ ಅದ್ದಿ, ಅದನ್ನು ತಿನ್ನುವ ಹುಳುಗಳನ್ನು ಉದುರಿಸುವುದಕ್ಕೆ ಡಿಪ್ ಎನ್ನುತ್ತಾರೆ. ಮೂರನೇ ಶನಿವಾರದ ಡಿಪ್‌ನಲ್ಲಿ ಒಂದು ಹುಳುವೂ ಬೀಳಲಿಲ್ಲ. ನಾಲ್ಕನೇ ಶನಿವಾರ ನಾಲ್ಕು ಬಿದ್ದವು. ಒಂದೊಂದೂ ಎರಡು ಮೂರು ಮಿಲಿಮೀಟರ್ ಇರಬಹುದು. ಬಿಳಿ ಐಸ್‌ಕ್ರೀಮ್ ಡಬ್ಬಿಯ ತಳದಲ್ಲಿ, ಸಾಂಬಾರಿನಲ್ಲಿ ಬೆಂದ ಈರುಳ್ಳಿಯ ಪೊರೆ ಚೂರಾಗಿ ಬಿದ್ದ ಹಾಗೆ ಕಾಣುತ್ತಿದ್ದವು. ಡಬ್ಬಿ ಬೇರೆ ಬಣ್ಣದ್ದಾಗಿದ್ದರೆ ಕಣ್ಣಿಗೇ ಬೀಳುತ್ತಿರಲಿಲ್ಲ.

ಡಲ್ಲಾಸ್‌ನ ಒಂದು ಗ್ಯಾರೇಜಿನಲ್ಲಿ, ಹೊಸ ಹವಳವನ್ನು ಮುಖ್ಯ ಟ್ಯಾಂಕಿಗೆ ಬಿಡುವ ಮುಂಚೆ ಬೇರೆಯಾಗಿಡಲು ಇಟ್ಟ 75 ಲೀಟರಿನ ಕ್ವಾರಂಟೈನ್ ಟ್ಯಾಂಕು ಇದು. ತಳಕ್ಕೆ ಮರಳಿಲ್ಲ, ಕಲ್ಲಿಲ್ಲ. ಒಂದು ಹೀಟರ್, ನೀರು ಓಡಾಡಿಸುವ ಒಂದು ಸಣ್ಣ ಪವರ್‌ಹೆಡ್, ಹಿಂಬದಿಗೆ ತೂಗುಹಾಕಿದ ಫಿಲ್ಟರ್, ಮೇಲೊಂದು ಮಧ್ಯಮ ಬೆಳಕು. ಉಪ್ಪಿನಂಶ (ಸಾಪೇಕ್ಷ ಸಾಂದ್ರತೆಯ ಲೆಕ್ಕದಲ್ಲಿ) 1.025, ಆಲ್ಕಲಿನಿಟಿ ಅಂದರೆ ನೀರಿನ ಕ್ಷಾರಾಂಶ 8 ಡಿಕೆಎಚ್. ಎರಡೂ ಮುಖ್ಯ ಟ್ಯಾಂಕಿಗೆ ಸರಿಯಾಗಿ ಹೊಂದಿಸಿದ್ದು. ಒಳಗೆ ಅಕ್ರೊಪೊರಾ ಎಂಬ ಕೊಂಬೆ ಹವಳದ ಐದು ತುಂಡುಗಳು, ಒಂದೊಂದೂ ಬೆರಳುದ್ದ.

ಅಕ್ರೊಪೊರಾ ಹವಳವನ್ನೇ ತಿಂದು ಬದುಕುವ ಈ ಚಪ್ಪಟೆಹುಳುವಿಗೆ 2011ರಲ್ಲಿ ಇಟ್ಟ ಹೆಸರು ಅಮಕುಸಪ್ಲಾನಾ ಅಕ್ರೊಪೊರೆ. ಈಗಿನದು ಪ್ರೊಸ್ತಿಯೋಸ್ಟೊಮಮ್ ಅಕ್ರೊಪೊರೆ. ಮೈ ಹೆಚ್ಚುಕಡಿಮೆ ಪಾರದರ್ಶಕ. ತಿಂದ ಹವಳದ ಬಣ್ಣವೇ ಹೊಟ್ಟೆಯಲ್ಲಿ ತುಂಬಿಕೊಳ್ಳುವುದರಿಂದ ಹವಳದ ಮೇಲೆ ಕೂತಾಗ ಹುಳು ಎಲ್ಲಿ, ಹವಳ ಎಲ್ಲಿ ಎಂದು ಹೇಳಲಾಗುವುದಿಲ್ಲ. ಹುಡುಕಬೇಕಾದ್ದು ಹುಳುವನ್ನಲ್ಲ, ಅದು ಕಚ್ಚಿದ ಗುರುತನ್ನು. ಕೊಂಬೆಯ ನೆರಳಿನ ಕಡೆ, ಬುಡದ ಹತ್ತಿರ, ಸುಮಾರು ಒಂದು ಮಿಲಿಮೀಟರಿನ ದುಂಡನೆಯ ಮಾಸಲು ಚುಕ್ಕೆಗಳು. ಹವಳದ ಬಣ್ಣ ಕಾರಣವಿಲ್ಲದೆ ಮಂಕಾಗಿ, ಪಾಲಿಪ್‌ಗಳು (ಹವಳದ ಪುಟ್ಟ ಜೀವಿಗಳು) ಹೊರಚಾಚದೆ ಒಳಗೇ ಉಳಿದಿವೆ ಎಂದರೆ ಭೂತಕನ್ನಡಿ ಹಿಡಿದು ಮೊದಲು ನೋಡಬೇಕಾದ್ದು ಬುಡವನ್ನೇ. (ಟ್ಯಾಂಕಿನ ಗಾಜು, ಕಲ್ಲುಗಳ ಮೇಲೆಲ್ಲ ಹಬ್ಬುವ ತುಕ್ಕುಬಣ್ಣದ ಸಣ್ಣ ಹುಳು ಬೇರೆ. ಅದಕ್ಕೆ ಸಿಗುವ ಫ್ಲಾಟ್‌ವರ್ಮ್ ಎಕ್ಸಿಟ್ ಔಷಧಿಯನ್ನು ಮಾಮೂಲಿ ಅಳತೆಯಲ್ಲಿ ಹಾಕಿ ಅಕ್ರೊಪೊರಾದ ಹುಳು ಸಾಯುತ್ತದೆಂದು ಕೂರುವುದು ದಂಡ.)

ಡಿಪ್ ಮಾಡುವುದು ಕಷ್ಟದ ಕೆಲಸವೇನಲ್ಲ. ಮೂರು ಡಬ್ಬಿ, ಮೂರರಲ್ಲೂ ನಾಲ್ಕು ಲೀಟರ್ ನೀರು. ನೀರು ಕ್ವಾರಂಟೈನ್ ಟ್ಯಾಂಕಿನದ್ದೇ ಆಗಿರಬೇಕು. ಉಪ್ಪು, ಬಿಸಿ ಎರಡೂ ತಾನಾಗಿ ಹೊಂದುತ್ತವೆ. ಮೊದಲನೆಯದಕ್ಕೆ ಡಿಪ್ ದ್ರಾವಣ. ಕೋರಲ್ ಆರ್‌ಎಕ್ಸ್ ಆಗಲಿ, ರಿವೈವ್ ಆಗಲಿ, ಬಾಟಲಿಯ ಮೇಲಿರುವ ಅಳತೆ ಮೀರಬಾರದು. ಉಳಿದೆರಡು ತೊಳೆಯುವುದಕ್ಕೆ. ಒಮ್ಮೆಗೆ ಐದು ತುಂಡಿಗಿಂತ ಹೆಚ್ಚು ಬೇಡ: ಹವಳ ಬಿಡುವ ಲೋಳೆಯಿಂದ ನೀರು ಮಜ್ಜಿಗೆ ತಿಳಿಯಂತಾಗಿ ಕೆಳಗೆ ಬಿದ್ದದ್ದು ಕಾಣುವುದಿಲ್ಲ.

ಹತ್ತು ನಿಮಿಷ ನೆನೆಹಾಕಿ ಫೋನು ನೋಡುತ್ತ ಕೂತರೆ ಅರ್ಧ ಕೆಲಸವೂ ಆಗದು. ದ್ರಾವಣಕ್ಕೆ ಹುಳು ಕೂಡಲೇ ಸತ್ತು ಉದುರುವುದಿಲ್ಲ, ಹಿಡಿತ ಸಡಿಲಿಸುತ್ತದೆ, ಅಷ್ಟೇ. ಅದನ್ನು ಕೀಳಬೇಕಾದ್ದು ನೀರಿನ ರಭಸ. ಅಡುಗೆಗೆ ಬಳಸುವ ರಬ್ಬರ್ ಬುಡ್ಡೆಯ ಟರ್ಕಿ ಬೇಸ್ಟರ್ ಹಿಡಿದು ಎರಡು ನಿಮಿಷಕ್ಕೊಮ್ಮೆ ಪ್ರತಿ ತುಂಡಿಗೂ ಹತ್ತು ಹದಿನೈದು ಸಲ ಪಿಚಕಾರಿ ಹೊಡೆಯಬೇಕು. ಕೊಂಬೆಯ ಕವಲಿಗೆ, ಬುಡದ ಕೆಳಕ್ಕೆ, ತುಂಡನ್ನು ತಲೆಕೆಳಗು ಮಾಡಿ ಇನ್ನೊಮ್ಮೆ. ಎಸಿ ಹಾಕಿದ ಕೋಣೆಯಲ್ಲಿ ಸಣ್ಣ ಡಬ್ಬಿಯ ನೀರು ನೋಡನೋಡುತ್ತಲೇ ತಣ್ಣಗಾಗುತ್ತದೆ. ಔಷಧಿಯ ಜೊತೆ ಅದೂ ಸೇರಿದರೆ ಹವಳಕ್ಕೆ ಎರಡೆರಡು ಪೆಟ್ಟು. ಬಿಸಿನೀರಿನ ಬೋಗುಣಿಯೊಳಗೆ ಡಬ್ಬಿ ಇಟ್ಟರೆ ಆ ತೊಂದರೆಯಿಲ್ಲ. ಡಿಪ್ ಮಾಡಿದ ನೀರನ್ನು ಬಿಳಿ ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ ಹುಳು ಎಣಿಸಿ, ತಾರೀಖಿನ ಎದುರು ಬರೆದಿಟ್ಟು, ನೀರು ಚರಂಡಿಗೆ. ಅದರ ಒಂದು ತೊಟ್ಟೂ ಟ್ಯಾಂಕಿಗೆ ಹೋಗಬಾರದು.

ಈ ಐದು ತುಂಡುಗಳ ಲೆಕ್ಕ ಹೀಗಿತ್ತು: ಮೊದಲ ದಿನ ಒಂಬತ್ತು, ಎಂಟನೇ ದಿನ ಎರಡು, ಹದಿನೈದನೇ ದಿನ ಸೊನ್ನೆ. ಬಹಳ ಜನ ಮೋಸಹೋಗುವುದು ಈ ಸೊನ್ನೆಗೆ. ಅವತ್ತೇ ತುಂಡುಗಳನ್ನು ಮುಖ್ಯ ಟ್ಯಾಂಕಿಗೆ ಸಾಗಿಸಿಬಿಡುತ್ತಾರೆ. ಇಪ್ಪತ್ತೆರಡನೇ ದಿನ ನಾಲ್ಕು ಮರಿಗಳು ಬಿದ್ದವಲ್ಲ, ಅವು ಹೊರಗಿನಿಂದ ಬಂದವಲ್ಲ. ಡಿಪ್ ಯಾವುದೇ ಇರಲಿ, ಮೊಟ್ಟೆಯ ಕೋಶದೊಳಕ್ಕೆ ಇಳಿಯುವುದಿಲ್ಲ.

2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಹುಳುವಿನ ಜೀವನಚಕ್ರವನ್ನು 21ರಿಂದ 30 ಡಿಗ್ರಿವರೆಗೆ ಅಳೆದಿದೆ. 27 ಡಿಗ್ರಿಯಲ್ಲಿ ಮೊಟ್ಟೆ ಒಡೆಯಲು ಸರಾಸರಿ 11 ದಿನ. ಒಂದು ತಲೆಮಾರು ಮುಗಿದು ಇನ್ನೊಂದು ಶುರುವಾಗಲು ಕನಿಷ್ಠ 38 ದಿನ. 24 ಡಿಗ್ರಿಯಲ್ಲಾದರೆ 64 ದಿನ. ನಮ್ಮ ಟ್ಯಾಂಕು 27ರ ಆಸುಪಾಸಿನಲ್ಲಿತ್ತು. ಮೊದಲ ಡಿಪ್‌ಗಿಂತ ಮುಂಚೆ ಇಟ್ಟ ಮೊಟ್ಟೆ ಎರಡನೇ ವಾರದಲ್ಲಿ ಒಡೆದಿದೆ. ಹದಿನೈದನೇ ದಿನದ ಹೊತ್ತಿಗೆ ಮರಿಗಳು ಧೂಳಿನ ಕಣದಷ್ಟಿದ್ದು ಯಾರಿಗೂ ಕಂಡಿಲ್ಲ. ಇನ್ನೊಂದು ವಾರದಲ್ಲಿ ಹವಳ ತಿಂದು ಕಾಣುವಷ್ಟಾಗಿವೆ. ಸಮಾಧಾನದ ಮಾತೆಂದರೆ, ಆ ವಯಸ್ಸಿಗೆ ಅವು ಮೊಟ್ಟೆ ಇಟ್ಟಿರಲಾರವು.

‘ಹವಳಕ್ಕೆ ಹಾಯಾಗಿರಲಿ’ ಎಂದು ಕ್ವಾರಂಟೈನ್ ಟ್ಯಾಂಕನ್ನು 24 ಡಿಗ್ರಿಗೆ ಇಳಿಸುವವರಿದ್ದಾರೆ. ಹುಳುವಿನ ಬೆಳವಣಿಗೆ ನಿಧಾನವಾಗುತ್ತದೆ, ನಿಜ. ಆದರೆ ಮೊಟ್ಟೆ ಒಡೆಯುವುದೂ ನಿಧಾನ, ಆರು ವಾರ ಡಿಪ್ ಮಾಡಿದರೆ ಮುಗಿಯಿತು ಎಂದು ಲೆಕ್ಕ ಹಿಡಿದವರು ಅಲ್ಲಿ ಸೋಲಬಹುದು. ನಮಗೆ ಬೇಕಾದ್ದು ಮೊಟ್ಟೆ ಬೇಗ ಒಡೆಯುವುದು, ಒಡೆದ ಮರಿ ಡಬ್ಬಿಗೆ ಬೀಳುವುದು.

ಮೊಟ್ಟೆ ಎಲ್ಲಿತ್ತು ಎಂದು ಹುಡುಕಲು ಆ ಶನಿವಾರವೆಲ್ಲ ಹಿಡಿಯಿತು. ನಾಲ್ಕು ತುಂಡುಗಳ ಬುಡ ಸ್ವಚ್ಛವಾಗಿತ್ತು. ಐದನೆಯದನ್ನು ಮಾರುವವರು ಪ್ಲಗ್‌ಗೆ (ತುಂಡು ನಿಲ್ಲಿಸುವ ಪುಟ್ಟ ಪೀಠಕ್ಕೆ) ಧಾರಾಳವಾಗಿ ಅಂಟು ಸುರಿದು ಕೂರಿಸಿದ್ದರು. ಅಂಟಿನ ಗುಡ್ಡೆಗೂ ಕೊಂಬೆಗೂ ನಡುವೆ ಕೂದಲೆಳೆಯಷ್ಟು ಸಂದು. ಮೂಳೆ ಕತ್ತರಿಸುವ ಇಕ್ಕಳದಿಂದ ಕೊಂಬೆಯನ್ನು ಪ್ಲಗ್‌ನಿಂದ ಬಿಡಿಸಿದಾಗ ಒಳಗೆ ಕಂಡಿತು: ಜೀವಂತ ಅಂಗಾಂಶ ಮುಗಿದು ಬೋಳು ಸುಣ್ಣದ ಬುಡ ಶುರುವಾಗುವ ಅಂಚಿನಲ್ಲಿ, ಜೋನಿಬೆಲ್ಲದ ಬಣ್ಣದ ಗಸಗಸೆಯನ್ನು ಒತ್ತೊತ್ತಾಗಿ ಅಂಟಿಸಿದಂಥ ಪಟ್ಟೆ. ಅರ್ಧ ಕೋಶಗಳು ಒಡೆದು ಖಾಲಿ ಸಿಪ್ಪೆಯಾಗಿದ್ದವು, ಉಳಿದವು ತುಂಬಿಕೊಂಡೇ ಇದ್ದವು. ಒಂದೊಂದು ಕೋಶದಲ್ಲೂ ಒಂದಕ್ಕಿಂತ ಹೆಚ್ಚು ಮರಿಗಳಿರುತ್ತವೆ.

ಬೋಳು ಬುಡವನ್ನು ಮೊಟ್ಟೆಯ ಪಟ್ಟೆಯಿಂದ ಅರ್ಧ ಸೆಂಟಿಮೀಟರ್ ಮೇಲಕ್ಕೆ, ಜೀವಂತ ಭಾಗವೂ ಸ್ವಲ್ಪ ಹೋಗುವ ಹಾಗೆ ಕತ್ತರಿಸಿದ್ದಾಯಿತು. ಕತ್ತರಿಸಲಾಗದ ಕಡೆ ಬ್ಲೇಡಿನಿಂದ ಕೆರೆದು ಮೇಲೆ ಸೂಪರ್‌ಗ್ಲೂ ಜೆಲ್ ಬಳಿಯುವುದು ಎರಡನೇ ದಾರಿ. ಮುಚ್ಚಿಹೋದ ಮೊಟ್ಟೆಯಿಂದ ಮರಿ ಹೊರಗೆ ಬರಲಾರದು. ಕೆರೆಯುವಾಗ ತುಂಡು ಟ್ಯಾಂಕಿನ ಮೇಲಿರದೆ ಬೇರೆ ಡಬ್ಬಿಯ ಮೇಲಿರಲಿ, ಕೆರೆದ ಕೋಶ ಟ್ಯಾಂಕಿಗೆ ಬಿದ್ದರೆ ಕೆಲಸ ಇನ್ನಷ್ಟು ಕೆಟ್ಟಂತೆ. ಹಳೆ ಪ್ಲಗ್ ಐದೂ ಕಸಕ್ಕೆ ಹೋದವು. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಹವಳ ಮನೆಗೆ ಬಂದ ತಾಸಿನಲ್ಲಿ ಪ್ಲಗ್ ಕಳಚುವುದು ಈಗಿನ ನಿಯಮ, ಎಷ್ಟೇ ಚೆಂದದ ಪ್ಲಗ್ ಇರಲಿ.

ಕ್ಯಾಲೆಂಡರ್ ಮತ್ತೆ ಒಂದಕ್ಕೆ ಬಂತು. ಕೊನೆಯ ಹುಳು ಕಂಡ ದಿನದಿಂದ ವಾರಕ್ಕೊಂದರಂತೆ ಆರು ಡಿಪ್, ಆರೂ ಸೊನ್ನೆ ಬರಬೇಕು. ಇಷ್ಟು ಡಿಪ್ ತಾಳಿಕೊಳ್ಳಲು ಹವಳಕ್ಕೂ ಕಷ್ಟವೇ. ಎರಡನೇ ಸುತ್ತಿನ ಮೂರನೇ ವಾರ ನೀಲಿ ತುದಿಯ ತುಂಡೊಂದು ಬುಡದಿಂದ ಬಿಳಿಚತೊಡಗಿತು. ಅದಕ್ಕೆ ಆ ವಾರ ಔಷಧಿ ಬಿಟ್ಟು, ಬರೀ ಟ್ಯಾಂಕಿನ ನೀರಿನಲ್ಲಿ ಪಿಚಕಾರಿ ಹೊಡೆದದ್ದಷ್ಟೇ. ಲೆಕ್ಕಕ್ಕೆ ಒಂದು ವಾರ ಸೇರಿತು, ತುಂಡು ಉಳಿಯಿತು.

ಮರಿಗಳು ತೆವಳುವುದಲ್ಲದೆ ಈಜುತ್ತವೆ, ಅಕ್ರೊಪೊರಾ ಸಿಗದಿದ್ದರೂ ಒಂಬತ್ತು ದಿನದವರೆಗೆ ಬದುಕಬಲ್ಲವು ಎಂದು ಅದೇ ಅಧ್ಯಯನ ಹೇಳುತ್ತದೆ. ಹಾಗಾಗಿ ಕ್ವಾರಂಟೈನ್ ಟ್ಯಾಂಕು ಮುಖ್ಯ ಟ್ಯಾಂಕಿನ ಸಂಪ್‌ಗೆ (ಅದರ ನೀರು ಹರಿದು ಬರುವ ತೊಟ್ಟಿಗೆ) ಜೋಡಿಸಿದ್ದರೆ ಅದನ್ನು ಕ್ವಾರಂಟೈನ್ ಎನ್ನುವುದೇ ತಪ್ಪು. ಬೇಸ್ಟರ್, ಇಕ್ಕಳ, ಬಕೆಟ್ ಎಲ್ಲಕ್ಕೂ ಕೆಂಪು ಟೇಪು ಸುತ್ತಿ ಬೇರೆ ಇಟ್ಟದ್ದು ಅದಕ್ಕೇ. ಮುಖ್ಯ ಟ್ಯಾಂಕಿನಲ್ಲಿ ಸಿಕ್ಸ್‌ಲೈನ್ ರಾಸ್ ಮೀನು ಇದ್ದರೆ ಹುಳು ಹೆಕ್ಕುತ್ತದೆ, ಪೆಪ್ಪರ್‌ಮಿಂಟ್ ಸಿಗಡಿ ಮೊಟ್ಟೆಯನ್ನೂ ತಿನ್ನುತ್ತದೆ. ಹಾಗೆಂದು ಅವುಗಳ ಮೇಲೆ ಭಾರ ಹಾಕಿ ಡಿಪ್ ಬಿಡುವುದು ಸಲ್ಲದು.

ಊರಿನಲ್ಲಿ ಓದುವವರಿಗೆ ಒಂದು ಮಾತು: ಭಾರತದಲ್ಲಿ ಅಕ್ರೊಪೊರಾದಂಥ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋದವರು ನೀರಿನೊಳಗೇ ನೋಡಿ ಬರಬೇಕು.

ಒಂಬತ್ತನೇ, ಹತ್ತನೇ ಶನಿವಾರ ಕಾಗದದ ಮೇಲೆ ಬರೀ ಲೋಳೆ. ಹನ್ನೊಂದನೇ ಶನಿವಾರ ಐದೂ ತುಂಡುಗಳು ಹೊಸ ಪ್ಲಗ್ ಮೇಲೆ ಮುಖ್ಯ ಟ್ಯಾಂಕಿಗೆ ಹೋದವು. ಬುಡ ಕತ್ತರಿಸಿದ ತುಂಡು ಅಷ್ಟರಲ್ಲಿ ಅಂಟಿನ ಮೇಲೆ ಎರಡು ಮಿಲಿಮೀಟರಿನಷ್ಟು ಹೊಸದಾಗಿ ಹರಡಿಕೊಂಡಿತ್ತು.